ಹಳೆಯ ಕನೂ ದೋಣಿಯ ಸಲಕರಣೆಗಳು: ಹೆಸರುಗಳ ಚರಿತ್ರೆ

ಸ್ಪ್ಯಾನಿಷ್ ನಿಘಂಟನ್ನು ಪ್ರವೇಶಿಸಿದ ಮೊದಲ ಅಮೆರಿಕನ್ ಪದವೆಂದು ಹೆಸರಾದದ್ದು ‘ಕನೋವಾ’. 1492ರಲ್ಲಿ ಕೊಲಂಬಸನ ಕಿವಿಗೆ ಬಿದ್ದ ಕೆರಿಬಿಯನ್ ದ್ವೀಪಗಳ ಈ ಮಾತನ್ನು ನೆಬ್ರಿಹಾ ಕೆಲವೇ ವರ್ಷಗಳಲ್ಲಿ ತನ್ನ ನಿಘಂಟಿಗೆ ಸೇರಿಸಿದನು. ಇಂಗ್ಲಿಷಿನ ‘ಕನೂ’ ಅದರ ಸಂತತಿ. ದೋಣಿಯ ಹೆಸರಿನ ಕುರಿತು ನಡೆದಷ್ಟು ಚರ್ಚೆ ದೋಣಿಯೊಳಗಿನ ಸಲಕರಣೆಗಳ ಹೆಸರುಗಳ ಕುರಿತು ನಡೆದಿಲ್ಲ. ಬೇರೊಂದು ಚರಿತ್ರೆ ಅಡಗಿರುವುದು ಅಲ್ಲಿಯೇ.

ಅಲ್ಗಾಂಕಿಯನ್ ಭಾಷಿಕರು ಬರ್ಚ್ ಮರದ ತೊಗಟೆಯಿಂದ ಕಟ್ಟುತ್ತಿದ್ದ ದೋಣಿಯಲ್ಲಿ ಸಾಮಾನ್ಯವಾಗಿ ಆಸನವಿರಲಿಲ್ಲ; ಮಂಡಿಯೂರಿ ಹುಟ್ಟು ಹಾಕುವುದು ವಾಡಿಕೆ. ಎರಡು ಬದಿಗಳನ್ನು ಹಿಡಿದಿಡಲು ಅಡ್ಡಪಟ್ಟಿಗಳಿದ್ದವು. ಅವುಗಳಿಗೆ ಇಂಗ್ಲಿಷಿನಲ್ಲಿ ‘ಥ್ವಾರ್ಟ್’ ಎಂದು ಹೆಸರು. ಇದು ಹುಟ್ಟು ಹಾಕುವವನು ಕೂರುವ ಹಲಗೆಯನ್ನು ಸೂಚಿಸುತ್ತಿದ್ದ ಹಳೆಯ ಇಂಗ್ಲಿಷಿನ ‘ಥೊಫ್ಟೆ’ಯು ‘ಅಡ್ಡ’ ಎಂಬರ್ಥದ ‘ಥ್ವಾರ್ಟ್’ನೊಡನೆ ಬೆರೆತು ಆದ ರೂಪ. ಒಂದೇ ಹಲಗೆಯಲ್ಲಿ ಜೊತೆಗೆ ಕೂರುವವನು ‘ಗೆಥೊಫ್ಟ’, ಅಂದರೆ ಸಂಗಾತಿ. ಕೂರುವ ಹಲಗೆಯ ಹೆಸರು ಕೂರಲಾಗದ ಪಟ್ಟಿಗೆ ಅಂಟಿಕೊಂಡದ್ದರಿಂದ, ಮುಂದೆ ನಿಜವಾದ ಆಸನ ಬಂದಾಗ ಅದಕ್ಕೆ ‘ಸೀಟ್’ ಎಂಬ ಬೇರೆ ಪದವೇ ಬೇಕಾಯಿತು.

ದೋಣಿಯ ಅಂಚಿನ ಹೆಸರು ಇನ್ನೂ ವಿಚಿತ್ರ. ‘ಗನ್‌ವೇಲ್’ ಎಂಬುದು ಹಡಗಿನಲ್ಲಿ ತೋಪುಗಳ ಭಾರ ಹೊರುತ್ತಿದ್ದ ಹಲಗೆ. ತೊಗಟೆಯ ದೋಣಿಗೂ ತೋಪಿಗೂ ಏನು ಸಂಬಂಧ! ಆದರೂ ಕುಶಲಕರ್ಮಿಗಳು ಆ ಸಮಾಸವನ್ನು ಒಡೆದು, ‘ಗನ್’ ತೆಗೆದು, ಒಳಪಟ್ಟಿಯನ್ನು ‘ಇನ್‌ವೇಲ್’ ಎಂದೂ ಹೊರಪಟ್ಟಿಯನ್ನು ‘ಔಟ್‌ವೇಲ್’ ಎಂದೂ ಕರೆದರು. ಉತ್ತರಪದವೊಂದು ಹೊಸ ಪದಗಳಿಗೆ ಧಾತುವಾಗುವ ಕ್ರಮಕ್ಕೆ ಇದು ಒಳ್ಳೆಯ ನಿದರ್ಶನ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೇಯ್ನ್ ರಾಜ್ಯದಲ್ಲಿ ಕ್ಯಾನ್ವಾಸ್ ಹೊದಿಸಿದ ದೋಣಿಗಳ ಕಾರ್ಖಾನೆಗಳು ತಲೆಯೆತ್ತಿದವು. ಆಕಾರ ತೊಗಟೆಯ ದೋಣಿಯದು, ಒಳಾಂಗಣ ಪಡಸಾಲೆಯದು: ಬೆತ್ತ ಹೆಣೆದ ಆಸನ, ಬೆನ್ನೊರಗು, ಮೆತ್ತೆ, ಜಮಖಾನೆ. ಬಾಸ್ಟನ್ ಬಳಿಯ ಚಾರ್ಲ್ಸ್ ನದಿಯಲ್ಲಿ ವಿಹರಿಸುವ ಜೋಡಿಗಳು ಗ್ರಾಮಫೋನನ್ನೂ ಒಯ್ಯುತ್ತಿದ್ದರು. ಇಂದು ಸಂಗ್ರಾಹಕರು ಹುಡುಕುವ ವಸ್ತುಗಳು ಹೆಚ್ಚಾಗಿ ಇವೇ. ಈ ಪಟ್ಟಿಯಲ್ಲಿ ಅಲ್ಗಾಂಕಿಯನ್ ಮೂಲದ ಪದವೆಂದು ನಾನು ಖಚಿತವಾಗಿ ತೋರಿಸಬಲ್ಲುದು ಒಂದೇ: ‘ಟಂಪ್‌ಲೈನ್’, ಅಂದರೆ ಹೊರೆಯನ್ನು ಬೆನ್ನಮೇಲೆ ಹೊರಲು ಹಣೆಗೆ ಕಟ್ಟುವ ಪಟ್ಟಿ. ಅದರ ಪೂರ್ವಾರ್ಧ ಮಾತ್ರ ಅಲ್ಗಾಂಕಿಯನ್. ಹೊರೆ ಹೊರುವ ಸಾಧನದಲ್ಲಿ ಮಾತ್ರ ಮೂಲನಿವಾಸಿಗಳ ಪದ ಉಳಿದದ್ದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ.

ದೋಣಿ ಕಾರ್ಖಾನೆಗೆ ಹೆಸರಾದ ಓಲ್ಡ್ ಟೌನ್ ಪಟ್ಟಣದ ಪಕ್ಕದ ನದೀದ್ವೀಪವೇ ಪೆನಾಬ್‌ಸ್ಕಾಟ್ ಜನರ ನೆಲೆ. ಅವರ ಭಾಷೆಯನ್ನು ನಿರರ್ಗಳವಾಗಿ ಆಡಬಲ್ಲ ಕೊನೆಯವರೆಂದು ಪರಿಗಣಿಸಲಾದ ಮ್ಯಾಡಲಿನ್ ಶೇ 1993ರಲ್ಲಿ ತೀರಿಕೊಂಡರು. ಹಳೆಯ ದೋಣಿಯೊಂದನ್ನು ‘ಥ್ವಾರ್ಟ್, ಗನ್‌ವೇಲ್, ಸೀಟ್’ ಎಂದಷ್ಟೇ ದಾಖಲಿಸುವ ಸೂಚೀಕಾರನು ವಸ್ತುವನ್ನು ಉಳಿಸುತ್ತಾನೆ, ಅದನ್ನು ಕಟ್ಟಿದವರ ವರ್ಗೀಕರಣವನ್ನು ಕಳೆಯುತ್ತಾನೆ. ಅದೇ ಕುಟುಂಬದ ಓಜಿಬ್ವೆಯಲ್ಲಿ ದೋಣಿಗೆ ‘ಜೀಮಾನ್’, ಹುಟ್ಟಿಗೆ ‘ಅಬ್ವಿ’ ಎಂಬ ಪದಗಳು ಈಗಲೂ ಬಳಕೆಯಲ್ಲಿವೆ. ಆ ಪ್ರದೇಶದ ದೋಣಿಗಳ ಸೂಚಿಯಲ್ಲಿ ಅವುಗಳಿಗೆ ಮೊದಲ ಅಂಕಣವನ್ನೇ ಕೊಡಲು ಅಡ್ಡಿಯೇನೂ ಇಲ್ಲ.