ಹಾಡು ರೆಕಾರ್ಡಿಂಗ್ ಸಾಫ್ಟ್‌ವೇರ್: ತಿಂಗಳ ಬಾಡಿಗೆಯೋ, ಒಂದೇ ಸಲ ಖರೀದಿಯೋ?

ಅರಸೀಕೆರೆ: ಆಟೋಗೆ ಮೈಕ್ ಕಟ್ಟಿ ಕೂಗಿಸುವ ಅಂಗಡಿ ಜಾಹೀರಾತು, ಜಾತ್ರೆಗೆ ದೇವರ ಹಾಡು, ಮದುವೆ ವಿಡಿಯೋಗೆ ಹಿನ್ನೆಲೆ ಸಂಗೀತ, ಚುನಾವಣೆ ಬಂದರೆ ಪ್ರಚಾರದ ಹಾಡು. ಇವಕ್ಕೆಲ್ಲ ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ಕಂಪ್ಯೂಟರ್, ಒಂದು ಮೈಕ್, ಒಂದು ಆಡಿಯೋ ಇಂಟರ್‌ಫೇಸ್ ಇದ್ದರೆ ಅರಸೀಕೆರೆ, ಬೇಲೂರು, ಹಳೇಬೀಡಿನಲ್ಲೇ ಒಂದು ಕೋಣೆಯಲ್ಲಿ ಕೆಲಸ ಮುಗಿಯುತ್ತೆ. ಆದರೆ ಸಾಫ್ಟ್‌ವೇರ್ ತಗೊಳ್ಳುವಾಗ ಒಂದು ಪ್ರಶ್ನೆ ಬಂದೇ ಬರುತ್ತೆ. ತಿಂಗಳು ತಿಂಗಳು ದುಡ್ಡು ಕಟ್ಟೋದಾ, ಒಂದೇ ಸಲ ಕೊಂಡುಬಿಡೋದಾ?

ಎರಡಕ್ಕೂ ವ್ಯತ್ಯಾಸ ಏನು?

ಅಂಗಡಿಯವರಿಗೆ ಇದು ಹೊಸ ವಿಷಯ ಅಲ್ಲ. ಲೆಕ್ಕ ಬರೆಯೋ ಟ್ಯಾಲಿ ಬಾಡಿಗೆಗೂ ಸಿಗುತ್ತೆ, ಖರೀದಿಗೂ ಸಿಗುತ್ತೆ. ಸಂಗೀತದ ಸಾಫ್ಟ್‌ವೇರ್ ಕೂಡ ಹಾಗೇ. ಸಬ್‌ಸ್ಕ್ರಿಪ್ಶನ್ ಅಂದರೆ ಬಾಡಿಗೆ ಮಳಿಗೆ ಇದ್ದ ಹಾಗೆ. ಬಾಡಿಗೆ ನಿಂತ ದಿನ ಬಾಗಿಲಿಗೆ ಬೀಗ. ಖರೀದಿ ಮಾಡಿದರೆ ಆ ಆವೃತ್ತಿಯನ್ನು ಬಳಸೋ ಹಕ್ಕು ನಿಮ್ಮದು. ಆದರೆ ಮುಂದೆ ಬರೋ ದೊಡ್ಡ ಅಪ್‌ಡೇಟ್‌ಗೆ ಬಹಳ ಕಂಪನಿಗಳು ಮತ್ತೆ ದುಡ್ಡು ಕೇಳುತ್ತವೆ.

ದುಡಿಯೋ ತಿಂಗಳು ಎಣಿಸಿ

ನಮ್ಮ ಕಡೆ ಈ ಕೆಲಸ ವರ್ಷಪೂರ್ತಿ ಇರಲ್ಲ. ಸಂಕ್ರಾಂತಿ ಆದಮೇಲೆ ಜಾತ್ರೆ, ಮದುವೆ ಅಂತ ಕೈತುಂಬ ಕೆಲಸ. ಆಷಾಢ, ಪಿತೃಪಕ್ಷದಲ್ಲಿ ಸ್ಟುಡಿಯೋ ಖಾಲಿ. ಬಾಡಿಗೆಗೆ ಮಾತ್ರ ಆಷಾಢ ಗೊತ್ತಿಲ್ಲ.

ಒಂದು ಉದಾಹರಣೆ ಲೆಕ್ಕ ನೋಡಿ. ಖರೀದಿಗೆ 25,000 ರೂ., ಬಾಡಿಗೆಗೆ ತಿಂಗಳಿಗೆ 1,000 ರೂ. ಅಂದುಕೊಳ್ಳಿ. ಎರಡಕ್ಕೂ ಶೇ 18 ಜಿಎಸ್‌ಟಿ ಸೇರಿದರೆ 29,500 ಮತ್ತು 1,180 ರೂ. ಆಗುತ್ತೆ. 25 ತಿಂಗಳಿಗೆ ಎರಡೂ ಸಮ. ವರ್ಷಪೂರ್ತಿ ಬಾಡಿಗೆ ಕಟ್ಟೋರಿಗೆ ಎರಡು ವರ್ಷ ದಾಟಿದ ಮೇಲೆ ಖರೀದಿಯೇ ಲಾಭ. ವರ್ಷಕ್ಕೆ 5 ತಿಂಗಳು ಮಾತ್ರ ಕಟ್ಟಿ ಉಳಿದ ತಿಂಗಳು ನಿಲ್ಲಿಸೋರಿಗೆ ಅದೇ 25 ತಿಂಗಳು ತುಂಬೋಕೆ 5 ವರ್ಷ ಬೇಕು. ಅವರಿಗೆ ಬಾಡಿಗೆಯೇ ಹಗುರ. ಬೇಕಾದಾಗ ನಿಲ್ಲಿಸೋಕೆ ಕಂಪನಿ ಬಿಟ್ಟರೆ ಮಾತ್ರ.

ಕರಾರು ಓದದೆ ಒತ್ತಬೇಡಿ

ಕೆಲವು ಪ್ಲಾನ್ ನೋಡೋಕೆ ತಿಂಗಳ ಬಾಡಿಗೆ, ಒಳಗೆ ವರ್ಷದ ಕರಾರು. ಅಡೋಬ್ ಕಂಪನಿ 2013ರಿಂದ ತನ್ನ ಹೊಸ ಸಾಫ್ಟ್‌ವೇರ್‌ಗಳನ್ನು ಸಬ್‌ಸ್ಕ್ರಿಪ್ಶನ್‌ಗೆ ತಿರುಗಿಸಿತು. ಅದರ ಆಡಿಷನ್ ಕೂಡ ಬಾಡಿಗೆಗೇ ಸಿಗೋದು. ವರ್ಷದ ಕರಾರನ್ನು ಮಧ್ಯದಲ್ಲಿ ಬಿಟ್ಟರೆ ದಂಡ ಇರೋದನ್ನ ಸರಿಯಾಗಿ ತಿಳಿಸಿಲ್ಲ ಅಂತ ಅಮೆರಿಕ ಸರ್ಕಾರ 2024ರ ಜೂನ್‌ನಲ್ಲಿ ಅದರ ಮೇಲೆ ಕೇಸ್ ಹಾಕಿತು. ಹಾಗಾಗಿ 'ಮಧ್ಯದಲ್ಲಿ ನಿಲ್ಲಿಸಿದರೆ ಎಷ್ಟು ಕಟ್ಟಬೇಕು?' ಅನ್ನೋದನ್ನ ಮೊದಲೇ ನೋಡ್ಕೊಳ್ಳಿ.

ಕಾರ್ಡಿನಿಂದ ತಾನಾಗೇ ಹೋಗೋ ದುಡ್ಡಿಗೆ ರಿಸರ್ವ್ ಬ್ಯಾಂಕ್ ನಿಯಮ ಇದೆ. ದುಡ್ಡು ಕಡಿತ ಆಗೋ 24 ಗಂಟೆ ಮೊದಲು ಬ್ಯಾಂಕ್ ನಿಮಗೆ ತಿಳಿಸಬೇಕು. 15,000 ರೂ. ದಾಟಿದರೆ ಪ್ರತಿ ಸಲ ಒಟಿಪಿ ಥರದ ಒಪ್ಪಿಗೆ ಬೇಕು. ಬೇಡವಾದರೆ ಆಟೋಪೇ ರದ್ದು ಮಾಡಬಹುದು. ಆದರೆ ಕಂಪನಿಯ ಪ್ಲಾನ್ ಬೇರೆಯಾಗಿ ರದ್ದು ಮಾಡಬೇಕು, ಮರೀಬೇಡಿ. ಡಾಲರ್‌ನಲ್ಲಿ ಕಟ್ಟಿದರೆ ಕಾರ್ಡಿನ ವಿದೇಶಿ ವಿನಿಮಯ ಶುಲ್ಕವೂ ಸೇರುತ್ತೆ.

'ಜೀವನಪರ್ಯಂತ' ಅಂದರೆ ಯಾರ ಜೀವನ?

ಖರೀದಿಗೂ ಅಪಾಯ ಇಲ್ಲ ಅಂತಲ್ಲ. ಅಮೆರಿಕದ ಕೇಕ್‌ವಾಕ್ ಕಂಪನಿ 2016ರಲ್ಲಿ ತನ್ನ ಸೋನಾರ್‌ಗೆ ಜೀವನಪರ್ಯಂತ ಅಪ್‌ಡೇಟ್ ಅಂತ ಮಾರಿತು. ಮರುವರ್ಷ, 2017ರ ನವೆಂಬರ್‌ನಲ್ಲಿ, ಅದರ ಒಡೆತನದ ಗಿಬ್ಸನ್ ಕೆಲಸವನ್ನೇ ನಿಲ್ಲಿಸಿಬಿಟ್ಟಿತು. 2018ರಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಅದನ್ನ ಕೊಂಡು ಉಚಿತವಾಗಿ ಬಿಟ್ಟಿತು. ದುಡ್ಡು ಕೊಟ್ಟಿದ್ದವರಿಗೆ ಹೇಗನ್ನಿಸಿರಬೇಡ!

ಗಿರಾಕಿಗಳು ಗಟ್ಟಿಯಾಗಿ ಕೇಳಿದರೆ ಕಂಪನಿ ಬಗ್ಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2023ರ ಮಾರ್ಚ್‌ನಲ್ಲಿ ಇಸ್ರೇಲ್‌ನ ವೇವ್ಸ್ ಕಂಪನಿ ತನ್ನ ಪ್ಲಗಿನ್‌ಗಳ ಖರೀದಿ ನಿಲ್ಲಿಸಿ ಬರೀ ಸಬ್‌ಸ್ಕ್ರಿಪ್ಶನ್ ಅಂದಿತು. ಬಳಸೋರು ಸಿಟ್ಟಾದ ಮೇಲೆ ಕೆಲವೇ ದಿನದಲ್ಲಿ ಖರೀದಿಯನ್ನೂ ವಾಪಸ್ ತಂದಿತು.

ಯಾವುದು ಹೇಗೆ ಸಿಗುತ್ತೆ?

- ಎಫ್‌ಎಲ್ ಸ್ಟುಡಿಯೋ: ಒಂದೇ ಸಲ ಖರೀದಿ, ಮುಂದಿನ ಆವೃತ್ತಿಗಳೂ ಉಚಿತ. ಉಚಿತ ಟ್ರಯಲ್‌ನಲ್ಲಿ ಸೇವ್ ಮಾಡಿದ ಪ್ರಾಜೆಕ್ಟನ್ನು ಮತ್ತೆ ತೆರೆಯೋಕೆ ಆಗಲ್ಲ.
- ಕ್ಯೂಬೇಸ್: ಖರೀದಿ. ದೊಡ್ಡ ಅಪ್‌ಡೇಟ್‌ಗೆ ಬೇರೆ ದುಡ್ಡು.
- ರೀಪರ್: 60 ದಿನ ಪೂರ್ತಿ ಬಳಸಿ ನೋಡಬಹುದು. ಸ್ವಂತ ಬಳಕೆಗೆ, ಅಥವಾ ವರ್ಷದ ವಹಿವಾಟು 20,000 ಡಾಲರ್ ದಾಟದ ಚಿಕ್ಕ ಸ್ಟುಡಿಯೋಗೆ 60 ಡಾಲರ್. ಅದಕ್ಕೂ ದೊಡ್ಡವರಿಗೆ 225 ಡಾಲರ್.
- ಲಾಜಿಕ್ ಪ್ರೊ: ಆಪಲ್ ಮ್ಯಾಕ್‌ಗೆ ಒಂದೇ ಸಲ ಖರೀದಿಗೆ ಸಿಗುತ್ತೆ. 2023ರಲ್ಲಿ ಬಂದ ಐಪ್ಯಾಡ್ ಆವೃತ್ತಿಗೆ ಸಬ್‌ಸ್ಕ್ರಿಪ್ಶನ್.
- ಆಡಾಸಿಟಿ: ಉಚಿತ. ಆಟೋ ಜಾಹೀರಾತಿನ ದನಿ ರೆಕಾರ್ಡ್ ಮಾಡಿ ಕತ್ತರಿಸೋಕೆ ಇದೇ ಸಾಕು.

ಹಾಡು ಮೊದಲು ಉಳಿಸಿಕೊಳ್ಳಿ

ದುಡ್ಡಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಊರಿನ ಹಿರಿಯರ ಸೋಬಾನೆ ಪದ, ಭಜನೆ ತಂಡದ ಹಾಡು ರೆಕಾರ್ಡ್ ಮಾಡಿರ್ತೀರಿ. ಬಾಡಿಗೆ ನಿಂತ ಮೇಲೆ ಪ್ರಾಜೆಕ್ಟ್ ಫೈಲ್ ಕಂಪ್ಯೂಟರಲ್ಲೇ ಇರುತ್ತೆ, ಆದರೆ ತೆರೆಯಲ್ಲ. ತೆರೆದರೂ ಬಾಡಿಗೆ ಪ್ಲಗಿನ್ ಹಾಕಿದ ಜಾಗದಲ್ಲಿ ಸದ್ದು ಬದಲಾಗಿರಬಹುದು, ಇಲ್ಲವೇ ಬರದೇ ಇರಬಹುದು. ಹಾಡಿದ ಅಜ್ಜಿಯನ್ನ ಮತ್ತೆ ಕರೆದು ಹಾಡಿಸೋಣ ಅಂದರೆ ಅವರು ಇರಬೇಕಲ್ಲ.

ಹಾಗಾಗಿ ಕೆಲಸ ಮುಗಿದ ದಿನವೇ ಹೀಗೆ ಮಾಡಿ. ದನಿ, ತಬಲ, ಹಾರ್ಮೋನಿಯಂ ಎಲ್ಲ ಟ್ರ್ಯಾಕನ್ನೂ ಬೇರೆ ಬೇರೆ ವೇವ್ ಫೈಲ್ ಆಗಿ ತೆಗೀರಿ. ಪ್ರತಿಯೊಂದೂ ಹಾಡಿನ ಸೊನ್ನೆ ಸೆಕೆಂಡಿನಿಂದ ಶುರುವಾಗಲಿ. ಆಗ ಬೇರೆ ಯಾವ ಸಾಫ್ಟ್‌ವೇರ್‌ಗೆ ಹಾಕಿದರೂ ತಾಳ ತಪ್ಪದೆ ಕೂರುತ್ತೆ. ಕೀಬೋರ್ಡ್ ಭಾಗಕ್ಕೆ ಮಿಡಿ ಫೈಲ್ ಇಟ್ಕೊಳ್ಳಿ. ಎರಡು ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಪ್ರತಿ ಇರಲಿ. ಖರೀದಿ ಮಾಡಿದವರೂ ಇದನ್ನ ಮಾಡಬೇಕು.

ಕ್ರ್ಯಾಕ್ ಸಹವಾಸ ಬೇಡ

'ಕ್ರ್ಯಾಕ್ ಹಾಕಿಕೊಡ್ತೀನಿ' ಅನ್ನೋರು ಎಲ್ಲ ಊರಲ್ಲೂ ಸಿಗ್ತಾರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ನಕಲಿ ಅಂತ ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂ.ವರೆಗೆ ದಂಡ. ಅದರ ಜೊತೆ ವೈರಸ್ ಬಂದರೆ ಹಾಡಿನ ಫೈಲ್ ಮಾತ್ರ ಅಲ್ಲ, ಅದೇ ಕಂಪ್ಯೂಟರಲ್ಲಿರೋ ಅಂಗಡಿ ಲೆಕ್ಕವೂ ಹೋಗಬಹುದು.

ಕೊನೆಗೆ ಏನು ಮಾಡೋದು?

ಕಲಿಯೋರು ಉಚಿತದ್ದರಲ್ಲಿ ಶುರು ಮಾಡಿ. ವರ್ಷಪೂರ್ತಿ ಕೆಲಸ ಇರೋರು ಮುಖ್ಯ ಸಾಫ್ಟ್‌ವೇರನ್ನ ಖರೀದಿ ಮಾಡಿ. ಒಂದು ಹಾಡಿಗೆ, ಒಂದು ಸೀಸನ್‌ಗೆ ಮಾತ್ರ ಬೇಕಾದ ಪ್ಲಗಿನ್ ಇದ್ದರೆ ಅದನ್ನಷ್ಟೇ ಬಾಡಿಗೆಗೆ ತಗೊಳ್ಳಿ, ಕೆಲಸ ಮುಗಿದ ತಿಂಗಳೇ ನಿಲ್ಲಿಸಿ. ನಿಲ್ಲಿಸೋ ಮೊದಲು ವೇವ್ ಫೈಲ್ ತೆಗೆದಿದ್ದೀರಾ ಅಂತ ಇನ್ನೊಂದು ಸಲ ನೋಡ್ಕೊಳ್ಳಿ.