ಹುಬ್ಬಳ್ಳಿ-ಧಾರವಾಡದ ಹಿಂದೂಸ್ತಾನಿ ಗಾಯಕರು: ಹಿನ್ನೆಲೆ ಮತ್ತು ಸಾಧನೆ

ಭಾರತೀಯ ಅಂಚೆ ಇಲಾಖೆಯು 2014ರಲ್ಲಿ ಎಂಟು ಮಂದಿ ಸಂಗೀತಗಾರರ ಅಂಚೆಚೀಟಿಗಳನ್ನು ಹೊರತಂದಿತು. ಅವರಲ್ಲಿ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಮತ್ತು ಕುಮಾರ ಗಂಧರ್ವ, ಈ ನಾಲ್ವರೂ ಜನಿಸಿದ್ದು ಅಂದಿನ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳಲ್ಲಿ. ಗ್ವಾಲಿಯರ್ ಅಥವಾ ರಾಮಪುರದಂತೆ ಗಾಯಕರನ್ನು ಪೋಷಿಸಿದ ದೊಡ್ಡ ಆಸ್ಥಾನ ಇಲ್ಲಿರಲಿಲ್ಲ. ಗುರುಮನೆ, ನಾಟಕ ಕಂಪನಿ, ರೈಲುದಾರಿ, ಗ್ರಾಮಫೋನು ಮತ್ತು ಬಾನುಲಿಗಳೇ ಇಲ್ಲಿನ ಕಲಾವಿದರನ್ನು ರೂಪಿಸಿದವು.

ಹಿನ್ನೆಲೆ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡವು ಮುಂಬಯಿ ಆಡಳಿತಕ್ಕೆ ಸೇರಿತ್ತು. ಹೀಗಾಗಿ ಮರಾಠಿ ರಂಗಭೂಮಿಯ ಸಂಗೀತ ಇಲ್ಲಿಯ ಜನರಿಗೆ ಚಿರಪರಿಚಿತವಾಗಿತ್ತು. ಮೈಸೂರು ಅರಮನೆಗೆ ಹೋಗಿಬರುವ ಉತ್ತರದ ಉಸ್ತಾದರೂ ಮಾರ್ಗಮಧ್ಯೆ ಇಲ್ಲಿ ತಂಗುತ್ತಿದ್ದರು. ಅವರಲ್ಲಿ ಪ್ರಮುಖರು ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನ್ (1872-1937).

ಸವಾಯಿ ಗಂಧರ್ವ (1886-1952)

ಕುಂದಗೋಳದ ರಾಮಚಂದ್ರ, ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ ಕಿರಾನಾ ಗಾಯನವನ್ನು ಕನ್ನಡ ನೆಲದಲ್ಲಿ ನೆಲೆಗೊಳಿಸಿದರು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾಗಿ, ‘ಸವಾಯಿ ಗಂಧರ್ವ’ ಎಂದೇ ಪ್ರಸಿದ್ಧರಾದರು. ಮುಂದೆ ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ದೂರದ ಅವರ ಕುಂದಗೋಳದ ಮನೆಯೇ ಪಾಠಶಾಲೆಯಾಯಿತು. ರೋಣದಲ್ಲಿ ಜನಿಸಿದ ಭೀಮಸೇನ ಜೋಶಿ (1922-2011) ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನು ಅರಸಿ ಮನೆ ಬಿಟ್ಟವರು. ಉತ್ತರ ಭಾರತವನ್ನು ಸುತ್ತಿ ಮರಳಿದ ಅವರಿಗೆ ಬೇಕಾಗಿದ್ದ ಗುರು ದೊರೆತದ್ದು ಈ ಮನೆಯಲ್ಲಿ. ಗುರುಮನೆಗೆ ನೀರು ಹೊರುತ್ತ ಕಲಿತ ಆ ಹುಡುಗನಿಗೆ 2008ರಲ್ಲಿ ಭಾರತರತ್ನ ಸಂದಿತು.

ಗಂಗೂಬಾಯಿ ಹಾನಗಲ್ (1913-2009)

ಧಾರವಾಡದಲ್ಲಿ ಜನಿಸಿದ ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ಆ ತಾಯಿ ತಮ್ಮ ಹಾಡುಗಾರಿಕೆಯನ್ನೇ ನಿಲ್ಲಿಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿ ಗಂಗೂಬಾಯಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದರು. ಜಾತಿಯ ಕಾರಣದಿಂದ ಊಟದ ಎಲೆ ಎತ್ತಲು ಹೇಳಿಯಾರೆಂಬ ಅಳುಕು ಅಂದು ತಮಗಿತ್ತೆಂದು ಅವರು ಮುಂದೆ ಸ್ಮರಿಸಿದ್ದಾರೆ. ಸಂಸಾರದ ಹೊಣೆ ಹೊತ್ತಿದ್ದ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಗಂಟಲಿನ ಚಿಕಿತ್ಸೆಯ ನಂತರ ಅವರ ಧ್ವನಿ ಗಡುಸಾಯಿತು. ಆ ಗಡುಸು ಕಂಠವೇ ಅವರ ಗುರುತಾಯಿತು. ಗಾಯಕ ಮುಸ್ಲಿಮನಾದರೆ ಉಸ್ತಾದ, ಹಿಂದೂವಾದರೆ ಪಂಡಿತ, ಹೆಣ್ಣಾದರೆ ಮಾತ್ರ ಕೊನೆಯವರೆಗೂ ‘ಬಾಯಿ’ ಎಂಬುದು ಅವರ ಪ್ರಸಿದ್ಧ ಆಕ್ಷೇಪ. 2002ರಲ್ಲಿ ಅವರಿಗೆ ಪದ್ಮವಿಭೂಷಣ ಲಭಿಸಿತು.

ಮಲ್ಲಿಕಾರ್ಜುನ ಮನಸೂರ (1910-1992)

ಧಾರವಾಡದ ಸಮೀಪದ ಮನಸೂರಿನ ಈ ರೈತ ಮನೆತನದ ಹುಡುಗ ಬಾಲ್ಯದಲ್ಲೇ ವಾಮನರಾವ್ ಮಾಸ್ತರರ ನಾಟಕ ಕಂಪನಿ ಸೇರಿ ಪ್ರಹ್ಲಾದ, ಧ್ರುವ ಪಾತ್ರಗಳನ್ನು ಅಭಿನಯಿಸಿದರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನು, ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯನವನ್ನು ಕಲಿತರು. ಬಳಿಕ ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಪುತ್ರರಾದ ಮಂಜಿಖಾನ್ ಮತ್ತು ಭುರ್ಜಿಖಾನ್ ಅವರಲ್ಲಿ ಅಪರೂಪದ ರಾಗಗಳನ್ನು ಸಾಧಿಸಿದರು. ಗ್ರಾಮಫೋನು ತಟ್ಟೆಗಳು ಬೇಗನೆ ಬಂದರೂ ದೊಡ್ಡ ಮನ್ನಣೆ ತಡವಾಗಿಯೇ ಬಂದಿತು: 1970ರಲ್ಲಿ ಪದ್ಮಶ್ರೀ, 1976ರಲ್ಲಿ ಪದ್ಮಭೂಷಣ, ನಿಧನರಾದ ವರ್ಷವೇ ಪದ್ಮವಿಭೂಷಣ. ಅವರ ಆತ್ಮಕಥೆ ‘ನನ್ನ ರಸಯಾತ್ರೆ’.

ಬಸವರಾಜ ರಾಜಗುರು (1917-1991)

ಕುಂದಗೋಳ ತಾಲ್ಲೂಕಿನ ಯಲಿವಾಳದ ರಾಜಗುರು, ಗದುಗಿನ ಅಂಧ ಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಖ್ಯಾಲ್, ಠುಮ್ರಿ, ನಾಟ್ಯಗೀತೆ, ವಚನ ಎಲ್ಲವನ್ನೂ ಸಮಾನ ಅಧಿಕಾರದಿಂದ ಹಾಡುತ್ತಿದ್ದರು. ಜಾತಿ, ಬಡತನ, ಕಣ್ಣಿನ ಕೊರತೆಯನ್ನೆಣಿಸದೆ ಮಕ್ಕಳಿಗೆ ಅನ್ನ, ವಿದ್ಯೆಗಳೆರಡನ್ನೂ ನೀಡಿದ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಗುರುಮನೆಯ ಇನ್ನೊಂದು ರೂಪ.

ಬಾನುಲಿ ಮತ್ತು ನಂತರ

1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ಈ ಗಾಯಕರನ್ನು ಮನೆಮನೆಗೆ ತಲುಪಿಸಿತು. ಇಲ್ಲಿಯವರೆಲ್ಲ ಒಂದೇ ಘರಾಣೆಗೆ ಸೇರಿದವರಲ್ಲ ಎಂಬುದು ಗಮನಾರ್ಹ. ಕಿರಾನಾ, ಗ್ವಾಲಿಯರ್, ಜೈಪುರ ಶೈಲಿಗಳು ಒಂದೇ ಸೀಮೆಯಲ್ಲಿ ಅಕ್ಕಪಕ್ಕ ಬೆಳೆದವು. ಆದ್ದರಿಂದ ‘ಧಾರವಾಡ ಘರಾಣೆ’ ಎಂಬ ಮಾತು ಅಭಿಮಾನದ್ದೇ ಹೊರತು ಶಾಸ್ತ್ರದ್ದಲ್ಲ.

ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವದ ಪರಂಪರೆ ಬೆಳೆದುಬಂದಿದೆ. ಧಾರವಾಡದಲ್ಲಿ ಮನಸೂರರ ಮನೆ ‘ಮೃತ್ಯುಂಜಯ’ ಸ್ಮಾರಕವಾಗಿದೆ. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹೆಸರಿನ ಗುರುಕುಲ ಸ್ಥಾಪನೆಯಾಗಿದೆ. ಆದರೆ ಬಡ ಹುಡುಗರಿಗೆ ಊಟದೊಡನೆ ಹಾಡನ್ನೂ ಕಲಿಸುತ್ತಿದ್ದ ನಾಟಕ ಕಂಪನಿಗಳ ಕಾಲ ಮುಗಿದಿದೆ. ಈ ಐವರಲ್ಲಿ ಯಾರೂ ತರಗತಿಯ ಗಂಟೆ ನೋಡಿ ಕಲಿತು ದೊಡ್ಡವರಾದವರಲ್ಲ. ವರ್ಷಗಟ್ಟಲೆ ಅನ್ನ, ಆಶ್ರಯ ಕೊಟ್ಟು ವಿದ್ಯಾರ್ಥಿಯನ್ನು ಉಳಿಸಿಕೊಳ್ಳುವ ವ್ಯವಸ್ಥೆ ಇದ್ದಲ್ಲಿ ಮಾತ್ರ ಈ ಪರಂಪರೆ ಮುಂದುವರಿದೀತು.