ವಾರ್ಡಿನ ಬಾಗಿಲು ತೆರೆಸಿದವರು
ಇಂಗ್ಲೆಂಡಿನ ಸ್ವಯಂಸೇವಕ ಆರೋಗ್ಯ ಕಾವಲಿನ ಚರಿತ್ರೆ

ರೋಗಿಗಳನ್ನು ಸಂದರ್ಶಿಸುವುದು ಕರುಣಾಕಾರ್ಯಗಳಲ್ಲಿ ಒಂದೆಂದು ಬಾಲ್ಯದ ಧರ್ಮೋಪದೇಶದ ತರಗತಿಯಲ್ಲಿಯೇ ನಾವೆಲ್ಲರೂ ಕಲಿತವರು. ಸಂತ ವಿನ್ಸೆಂಟ್ ದೆ ಪಾವ್ಲರ ಸಭೆಯ ಸದಸ್ಯರು ಆಸ್ಪತ್ರೆಗೆ ಹೋಗಿ, ನಾಲ್ಕು ಒಳ್ಳೆಯ ಮಾತನಾಡಿ, ಹಣ್ಣಿನ ಪೊಟ್ಟಣವನ್ನಿಟ್ಟು, ಪ್ರಾರ್ಥಿಸಿ ಬರುವುದು ನಮಗೆ ಪರಿಚಿತವೇ. ಆದರೆ ಹಾಗೆ ಹೋದವರ ಕಣ್ಣಿಗೆ ಅಲ್ಲಿ ಕಾಣಬಾರದ್ದು ಕಂಡರೆ ಅವರ ಕರ್ತವ್ಯವೇನು? ಪ್ರಾರ್ಥಿಸಿ ಮರಳುವುದೇ, ಅಥವಾ ಬಾಯಿ ತೆರೆಯುವುದೇ? ಈ ಪ್ರಶ್ನೆಯೊಡನೆ ಇಂಗ್ಲೆಂಡ್ ದೇಶವು ಅರವತ್ತು ವರ್ಷಗಳಿಂದ ಸೆಣಸುತ್ತ ಬಂದಿದೆ. ನಮ್ಮ ನಾಡಿನ ಎಷ್ಟೋ ಕ್ರೈಸ್ತ ಮನೆಗಳ ಹೆಣ್ಣುಮಕ್ಕಳು ಆ ದೇಶದ ವಾರ್ಡುಗಳಲ್ಲಿ ದಾದಿಯರಾಗಿ ದುಡಿಯುತ್ತಿರುವುದರಿಂದ, ಆ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಬಡವ ಬಲ್ಲಿದರೆನ್ನದೆ ಎಲ್ಲರಿಗೂ ಚಿಕಿತ್ಸೆ ನೀಡುವ ಆ ವ್ಯವಸ್ಥೆ ಜಗತ್ತಿನ ಮೆಚ್ಚುಗೆಗೆ ಪಾತ್ರವಾದುದು ನ್ಯಾಯವೇ ಆಗಿದೆ. ಆದರೆ ಅದು ಹಿಂದಿನ ಶತಮಾನದ ದೊಡ್ಡ ದೊಡ್ಡ ಮಾನಸಿಕ ಆಸ್ಪತ್ರೆಗಳನ್ನೂ, ಅವುಗಳ ಎತ್ತರದ ಗೋಡೆಗಳನ್ನೂ ಪಿತ್ರಾರ್ಜಿತವಾಗಿ ಪಡೆಯಿತು. ನೋಡಿಕೊಳ್ಳುವವರಿಲ್ಲದ ವೃದ್ಧರು ಅನೇಕರು ಆ ಗೋಡೆಗಳ ಒಳಗೆ ತಮ್ಮ ಕೊನೆಯ ದಿನಗಳನ್ನು ಎಣಿಸುತ್ತಿದ್ದರು.

1965ರ ಜನವರಿಯಲ್ಲಿ ಬಾರ್ಬರಾ ರಾಬ್ ಎಂಬ ಮಹಿಳೆ ಉತ್ತರ ಲಂಡನ್ನಿನ ಫ್ರೈಅರ್ನ್ ಆಸ್ಪತ್ರೆಯಲ್ಲಿದ್ದ ಪರಿಚಿತ ವೃದ್ಧೆಯೊಬ್ಬರನ್ನು ನೋಡಲು ಹೋದರು. ಶ್ರೀಮತಿ ರಾಬ್ ಅವರು ಯಾರ್ಕ್‌ಷೈರಿನ ಹಳೆಯ ಕಥೋಲಿಕ ಮನೆತನದವರು; ಮತಸುಧಾರಣೆಯ ನಂತರದ ಕಷ್ಟಕಾಲದಲ್ಲಿಯೂ ಪೂರ್ವಿಕರ ವಿಶ್ವಾಸವನ್ನು ಬಿಡದೆ ದಂಡ ತೆತ್ತು ಉಳಿದ ವರ್ಗಕ್ಕೆ ಸೇರಿದವರು. ಅಧಿಕಾರಸ್ಥರು ಕಣ್ಣು ಕೆಂಪಗೆ ಮಾಡಿದಾಗ ಹಿಂಜರಿಯದಿರುವುದು ಅವರಿಗೆ ರಕ್ತದಲ್ಲಿಯೇ ಬಂದಿತ್ತೇನೋ! ಆ ವಾರ್ಡಿನಲ್ಲಿ ಅವರು ಕಂಡುದು ಇಷ್ಟು: ವೃದ್ಧೆಯರೆಲ್ಲರ ತಲೆಗೂದಲನ್ನು ಒಂದೇ ಬಗೆಯಾಗಿ ಮೋಟಾಗಿ ಕತ್ತರಿಸಲಾಗಿತ್ತು. ಅವರ ಕನ್ನಡಕ, ಕಟ್ಟಿಸಿದ ಹಲ್ಲು, ಶ್ರವಣಯಂತ್ರ ಇವುಗಳನ್ನು ತೆಗೆದುಕೊಂಡುಬಿಟ್ಟಿದ್ದರು. ಓದಲಾಗದೆ, ಅಗಿಯಲಾಗದೆ, ಕೇಳಲಾಗದೆ ಕುಳಿತವರನ್ನು ನೋಡಿ ಬುದ್ಧಿಭ್ರಮಣೆಯೆಂದು ತೀರ್ಮಾನಿಸುವುದು ಎಷ್ಟು ಸುಲಭವೆಂಬುದನ್ನು ವಾಚಕರೇ ಊಹಿಸಬಹುದು.

ಅವರು ಹಣ್ಣು ಕೊಟ್ಟು ಮರಳಿ ಸುಮ್ಮನಾಗಲಿಲ್ಲ. ಕಂಡುದನ್ನು ಬರೆದಿಟ್ಟರು. ಅದೇ ವರ್ಷ 'ಈಜಿಸ್' ಎಂಬ ಸಣ್ಣ ಸ್ವಯಂಸೇವಕ ಗುಂಪೊಂದನ್ನು ಕಟ್ಟಿದರು. ಗ್ರೀಕ್ ಪುರಾಣದ ದೇವತೆಗಳ ಗುರಾಣಿಗೆ ಆ ಹೆಸರು. 1965ರ ನವೆಂಬರಿನಲ್ಲಿ ಅವರೂ ಅವರ ಗೆಳೆಯರೂ 'ಟೈಮ್ಸ್' ಪತ್ರಿಕೆಯಲ್ಲಿ ಬಹಿರಂಗ ಪತ್ರ ಪ್ರಕಟಿಸಿದಾಗ, ದೇಶದ ಮೂಲೆಮೂಲೆಗಳಿಂದ ದಾದಿಯರೂ ಬಂಧುಗಳೂ ತಾವು ಕಂಡುದನ್ನು ಬರೆದು ಕಳುಹಿಸಿದರು. 1967ರಲ್ಲಿ ಆ ಸಾಕ್ಷ್ಯಗಳು 'ಸಾನ್ಸ್ ಎವೆರಿಥಿಂಗ್' ಎಂಬ ಗ್ರಂಥವಾಗಿ ಹೊರಬಂದವು. ಸರ್ಕಾರ ವಿಚಾರಣಾ ಸಮಿತಿಗಳನ್ನು ನೇಮಿಸಿತು. 1968ರಲ್ಲಿ ಬಹುಪಾಲು ಆರೋಪಗಳು ನಿರಾಧಾರ ಅಥವಾ ಉತ್ಪ್ರೇಕ್ಷಿತವೆಂದು ಸಾರಿ ಕೈತೊಳೆದುಕೊಂಡಿತು.

ಸತ್ಯ ಬೇರೆ ದಾರಿಯಿಂದ ಬಂತು. ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ನಗರದ ಈಲಿ ಆಸ್ಪತ್ರೆಯ ಸಾಮಾನ್ಯ ನೌಕರನೊಬ್ಬನು ಅಲ್ಲಿನ ಕ್ರೌರ್ಯವನ್ನು 1967ರಲ್ಲಿ ಪತ್ರಿಕೆಗೆ ತಿಳಿಸಿದ್ದನು. ಜೆಫ್ರಿ ಹೌ ಅವರ ಅಧ್ಯಕ್ಷತೆಯ ಸಮಿತಿ ವಿಚಾರಿಸಿ, ದೂರಿನಲ್ಲಿ ಬಹಳಷ್ಟು ನಿಜವೆಂದು ಕಂಡುಕೊಂಡಿತು. ವರದಿಯನ್ನು ಮೊಟಕುಗೊಳಿಸಿ ಪ್ರಕಟಿಸಬೇಕೆಂಬ ಒತ್ತಾಯವಿದ್ದರೂ ಮಂತ್ರಿ ರಿಚರ್ಡ್ ಕ್ರಾಸ್‌ಮನ್ನರು 1969ರ ಮಾರ್ಚಿನಲ್ಲಿ ಅದನ್ನು ಪೂರ್ಣವಾಗಿ ಹೊರಗೆಡಹಿದರು. ಆ ಬಳಿಕ ಆಸ್ಪತ್ರೆಗಳಿಗೆ ಭೇಟಿಯಿತ್ತು ಪರಿಶೀಲಿಸುವ ಸಲಹಾ ಸೇವೆಯೊಂದು ಸ್ಥಾಪಿತವಾಯಿತು. ಶ್ರೀಮತಿ ರಾಬ್ 1976ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಸಾಮಾನ್ಯ ಜನರ ಕೈಗೇ ಒಂದು ಅಧಿಕಾರ ಬಂದಿತ್ತು. 1974ರಲ್ಲಿ ಜಿಲ್ಲೆಗೊಂದರಂತೆ ಸಮುದಾಯ ಆರೋಗ್ಯ ಮಂಡಳಿಗಳು ಹುಟ್ಟಿಕೊಂಡವು. ಅರ್ಧದಷ್ಟು ಸದಸ್ಯರನ್ನು ಸ್ಥಳೀಯ ಆಡಳಿತ ಸಂಸ್ಥೆಗಳು ನೇಮಿಸುತ್ತಿದ್ದವು. ಮೂರನೆಯ ಒಂದು ಪಾಲು ಸ್ವಯಂಸೇವಾ ಸಂಘಗಳಿಂದ ಬರುತ್ತಿದ್ದರು. ಯಾರಿಗೂ ಸಂಬಳವಿಲ್ಲ. ಗೃಹಿಣಿಯರು, ನಿವೃತ್ತ ಉಪಾಧ್ಯಾಯರು, ಕಾರ್ಮಿಕ ಸಂಘದವರು ಆಸ್ಪತ್ರೆಯೊಳಗೆ ಹೋಗಿ ನೋಡುವ ಹಕ್ಕನ್ನು ಕಾನೂನಿನಿಂದಲೇ ಪಡೆದರು. ಆಸ್ಪತ್ರೆಯನ್ನು ಮುಚ್ಚುವ ಮುನ್ನ ಅವರೊಡನೆ ಸಮಾಲೋಚಿಸಬೇಕಾಗಿತ್ತು. ಅವರು ಒಪ್ಪದಿದ್ದರೆ ವಿಷಯ ಮಂತ್ರಿಗಳ ಮುಂದೆ ಹೋಗುತ್ತಿತ್ತು. ಎಲ್ಲ ಮಂಡಳಿಗಳೂ ಚುರುಕಾಗಿದ್ದವೆಂದು ಹೇಳಲಾರೆವು. ನಮ್ಮ ಅನೇಕ ಸಂಘಗಳಂತೆ ಅಲ್ಲಿಯೂ ನಿದ್ರಿಸುವವರು ಇದ್ದೇ ಇದ್ದರು. ಆದರೂ ಸುಮಾರು ಮೂವತ್ತು ವರ್ಷ ಬಾಳಿ ಬೇರುಬಿಟ್ಟ ಸಂಸ್ಥೆಯದು. ಇಂಗ್ಲೆಂಡಿನಲ್ಲಿ 2003ರಲ್ಲಿ ಅದನ್ನು ರದ್ದುಪಡಿಸಿದರು. ಅದರ ಬದಲಿಗೆ ಬಂದ ವೇದಿಕೆಗಳು 2008ರವರೆಗೆ ಮಾತ್ರ ಉಳಿದವು; ಅವುಗಳ ಸ್ಥಾನಕ್ಕೆ ಬಂದ ಸ್ಥಳೀಯ ಜಾಲಗಳು 2013ರಲ್ಲಿ ಮುಗಿದವು.

ಈ ಅಸ್ಥಿರ ಕಾಲದಲ್ಲಿಯೇ ಸ್ಟ್ಯಾಫರ್ಡ್ ಪಟ್ಟಣದ ಆಸ್ಪತ್ರೆಯ ದುರಂತ ನಡೆದುದು. ಅಲ್ಲಿ ರೋಗಿಗಳು ನೀರಿಗಾಗಿ ಹಂಬಲಿಸಿದರು. ಕೊಳೆಯಾದ ಹಾಸಿಗೆಯಲ್ಲಿಯೇ ಗಂಟೆಗಟ್ಟಲೆ ಬಿದ್ದಿದ್ದರು. ಅದನ್ನು ಬೆಳಕಿಗೆ ತಂದವರಲ್ಲಿ ಸರ್ಕಾರಿ ಜಾಲಗಳಿಗಿಂತ ಮುಂದಿದ್ದವರು, 2007ರಲ್ಲಿ ಅಲ್ಲಿ ತಾಯಿಯನ್ನು ಕಳೆದುಕೊಂಡ ಜೂಲಿ ಬೈಲಿ ಎಂಬ ಮಹಿಳೆ. ತಮ್ಮ ಚಿಕ್ಕ ಉಪಾಹಾರ ಗೃಹದಲ್ಲಿಯೇ ಅವರು ನೊಂದ ಕುಟುಂಬಗಳನ್ನು ಸೇರಿಸಿದರು. ಊರಿನ ಆಸ್ಪತ್ರೆ ಮುಚ್ಚಿಹೋದೀತೆಂಬ ಭಯದಿಂದ ನೆರೆಹೊರೆಯವರೇ ಹಲವರು ಅವರ ಮೇಲೆ ತಿರುಗಿಬಿದ್ದರು. ಕೊನೆಗೆ ಅವರು ಊರನ್ನೇ ಬಿಡಬೇಕಾಯಿತು. 2013ರ ಫೆಬ್ರವರಿಯಲ್ಲಿ ಹೊರಬಿದ್ದ ರಾಬರ್ಟ್ ಫ್ರಾನ್ಸಿಸರ ವರದಿ 290 ಶಿಫಾರಸುಗಳನ್ನು ಮಾಡಿತು. ಹಳೆಯ ಮಂಡಳಿಗಳನ್ನು ತೆಗೆದು ಎರಡು ಬಾರಿ ಹೊಸದನ್ನು ಕಟ್ಟಿದ್ದರಿಂದ ರೋಗಿಗಳ ದನಿ ಕ್ಷೀಣಿಸಿತೇ ಹೊರತು ಬಲಗೊಳ್ಳಲಿಲ್ಲವೆಂದು ಅದು ನಿಷ್ಠುರವಾಗಿ ನುಡಿಯಿತು.

ಅದೇ ವರ್ಷದ ಏಪ್ರಿಲಿನಲ್ಲಿ 'ಹೆಲ್ತ್‌ವಾಚ್' ಎಂಬ ಹೊಸ ಕಾವಲು ಸಂಸ್ಥೆ ಆರಂಭವಾಗಿ, ಸುಮಾರು 150 ಸ್ಥಳೀಯ ಶಾಖೆಗಳನ್ನು ಪಡೆಯಿತು. ಶಾಖೆಗಳಲ್ಲಿ ಸಂಬಳದ ಸಿಬ್ಬಂದಿ ಕೆಲವರೇ. ತರಬೇತಿ ಪಡೆದ ಸ್ವಯಂಸೇವಕರೇ ಅವುಗಳ ಕೈಕಾಲು. ಆಸ್ಪತ್ರೆ, ವೈದ್ಯರ ಚಿಕಿತ್ಸಾಲಯ, ವೃದ್ಧಾಶ್ರಮಗಳನ್ನು ಹೊಕ್ಕು ನೋಡುವ ಅಧಿಕಾರ ಅವರಿಗೆ ದೊರಕಿತು. ಇವರು ವೈದ್ಯಶಾಸ್ತ್ರವನ್ನು ಪರೀಕ್ಷಿಸುವವರಲ್ಲ. ಊಟ ಬಿಸಿಯಾಗಿದೆಯೇ, ನೀರಿನ ಲೋಟ ಕೈಗೆ ಎಟಕುವಂತಿದೆಯೇ, ಕರೆಗಂಟೆ ಒತ್ತಿದರೆ ಯಾರಾದರೂ ಬರುತ್ತಾರೆಯೇ, ಇವೇ ಅವರ ಪ್ರಶ್ನೆಗಳು. ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸುವುದು ವಾಡಿಕೆ. ಶಿಕ್ಷಿಸುವ ಅಧಿಕಾರ ಅವರಿಗಿಲ್ಲದಿದ್ದರೂ ಉತ್ತರ ಕೇಳುವ ಅಧಿಕಾರವಿತ್ತು. ಇಷ್ಟರಿಂದ ಏನಾದೀತು ಎಂದು ಕೇಳುವವರಿಗೆ ನಾವು ಫ್ರೈಅರ್ನ್ ವಾರ್ಡಿನ ಕನ್ನಡಕಗಳನ್ನು ನೆನಪಿಸುತ್ತೇವೆ. 2020ರ ಮಾರ್ಚಿನಲ್ಲಿ ಕೋವಿಡ್ ಸಾಂಕ್ರಾಮಿಕದಿಂದಾಗಿ ಈ ಭೇಟಿಗಳು ನಿಂತವು. ಕಾಣಲು ಬರುವವರೇ ಇಲ್ಲದ ಆ ತಿಂಗಳುಗಳಲ್ಲಿ ವೃದ್ಧಾಶ್ರಮಗಳಲ್ಲಿ ಸಾವಿರಾರು ಜನರು ಮಡಿದರು.

2025ರ ಜುಲೈನಲ್ಲಿ ಬ್ರಿಟಿಷ್ ಸರ್ಕಾರ ಹೆಲ್ತ್‌ವಾಚನ್ನೂ ರದ್ದುಪಡಿಸುವುದಾಗಿ ಘೋಷಿಸಿತು. ಸಂಸ್ಥೆಗಳು ಹೆಚ್ಚಾಗಿ ಗೊಂದಲವಾಗಿದೆಯೆಂಬುದು ಅದರ ಸಮರ್ಥನೆ, ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಆ ಕೆಲಸವನ್ನು ವಹಿಸಿಕೊಡಬೇಕೆಂದಿರುವುದು ಆರೋಗ್ಯ ಸೇವೆಯನ್ನು ಕೊಂಡು ಹಂಚುವ ಸ್ಥಳೀಯ ಮಂಡಳಿಗಳಿಗೆ ಮತ್ತು ವೃದ್ಧರ ಆರೈಕೆಯ ಹೊಣೆ ಹೊತ್ತ ಪುರಸಭೆಗಳಿಗೆ. ಯಾರ ಕೆಲಸವನ್ನು ನೋಡಬೇಕೋ ಅವರಿಗೇ ನೋಡುವ ಹೊಣೆಯನ್ನೂ ಕೊಡುವುದು ಸರಿಯೆಂದು ನಮಗೆ ತೋರುವುದಿಲ್ಲ. ನೆರೆಯ ವೇಲ್ಸಿನವರು ತಮ್ಮ ಹಳೆಯ ಸಮುದಾಯ ಮಂಡಳಿಗಳನ್ನು 2023ರವರೆಗೂ ಉಳಿಸಿಕೊಂಡಿದ್ದರು. ಬಳಿಕ ಅವುಗಳ ಜಾಗದಲ್ಲಿ, ಆಸ್ಪತ್ರೆಗಳಿಗೆ ಅಧೀನವಲ್ಲದ ಒಂದೇ ಸಂಸ್ಥೆಯನ್ನು ಸ್ಥಾಪಿಸಿ, ತಮ್ಮ ಭಾಷೆಯಲ್ಲಿ ಅದಕ್ಕೆ 'ಲ್ಲೈಸ್' ಎಂದು ಹೆಸರಿಟ್ಟರು. ಆ ಶಬ್ದಕ್ಕೆ ಧ್ವನಿ ಎಂದರ್ಥ.